ಲಿಂಗತ್ವದ ಅರಿವು ಮತ್ತು ಕಾರಣದ ಹುಡುಕಾಟ: ಲಿಂಗಾಂತರ ಕುರಿತ ವಿವರಣೆಗಳ ಪರಿಶೀಲನೆ

ಹುಟ್ಟಿದಾಗ ಗಂಡೆಂದು ಗುರುತಿಸಲಾದ ಮಗು ಬೆಳೆಯುತ್ತ ತಾನು ಹೆಣ್ಣೆಂದು ಅರಿಯುವುದು, ಹೆಣ್ಣೆಂದು ಗುರುತಿಸಲಾದ ಮಗು ತಾನು ಗಂಡೆಂದು ಹೇಳಿಕೊಳ್ಳುವುದು, ಅಥವಾ ಈ ಎರಡೂ ತನಗೆ ಒಪ್ಪುವುದಿಲ್ಲವೆಂದು ಕಂಡುಕೊಳ್ಳುವುದು ಯಾವುದೋ ಒಂದು ದೇಶಕ್ಕೆ ಅಥವಾ ಒಂದು ಕಾಲಕ್ಕೆ ಸೀಮಿತವಾದ ಸಂಗತಿಯಲ್ಲ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಸಂಕೇತಗಳ ಜೊತೆಗೆ ‘ಇತರೆ’ ಎಂಬ ಮೂರನೆಯ ಸಂಕೇತಕ್ಕೂ ಅವಕಾಶ ಕಲ್ಪಿಸಿದಾಗ ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ಅದರ ಅಡಿಯಲ್ಲಿ ದಾಖಲಾದರು. ಮನೆಯವರು ಕೊಟ್ಟ ಮಾಹಿತಿಯನ್ನೇ ಹೆಚ್ಚಾಗಿ ಅವಲಂಬಿಸುವ ಇಂತಹ ಎಣಿಕೆಯಲ್ಲಿ ಮನೆ ಬಿಟ್ಟು ಹೋದವರೂ ಮನೆಯಲ್ಲಿಯೇ ಮರೆಯಾಗಿರುವವರೂ ಸೇರದೆ ಹೋಗುವ ಸಾಧ್ಯತೆ ಹೆಚ್ಚು.

ಕೆಲವರ ಲಿಂಗತ್ವದ ಅರಿವು ದೇಹಕ್ಕಿಂತ ಭಿನ್ನವಾಗಿರುವುದು ಏಕೆ? ಈ ಪ್ರಶ್ನೆಗೆ ವೈದ್ಯಶಾಸ್ತ್ರ, ಧರ್ಮಶಾಸ್ತ್ರ, ಜನಪದ ನಂಬಿಕೆ, ಆಡಳಿತ, ಮನೋವಿಜ್ಞಾನ, ಜೀವವಿಜ್ಞಾನಗಳು ತಮ್ಮ ತಮ್ಮ ಉತ್ತರಗಳನ್ನು ಕೊಟ್ಟಿವೆ. ಪ್ರಸ್ತುತ ಲೇಖನವು ಈ ಉತ್ತರಗಳನ್ನು ಎರಡು ನೆಲೆಗಳಲ್ಲಿ ಪರಿಶೀಲಿಸುತ್ತದೆ. ಪ್ರತಿಯೊಂದು ವಿವರಣೆಗೂ ಇರುವ ಆಧಾರ ಎಷ್ಟು ಗಟ್ಟಿಯಾದುದು ಎಂಬುದು ಮೊದಲನೆಯದು. ಆ ವಿವರಣೆಯನ್ನು ನಂಬಿದ ಸಮಾಜ ಇಂಥ ವ್ಯಕ್ತಿಗಳನ್ನು ಹೇಗೆ ನಡೆಸಿಕೊಂಡಿತು ಎಂಬುದು ಎರಡನೆಯದು. ಕಾರಣ ಕುರಿತ ಸಿದ್ಧಾಂತವು ಅದನ್ನು ನಂಬಿದವರ ನಡವಳಿಕೆಯನ್ನೂ ರೂಪಿಸಿರುವುದರಿಂದ ಈ ಎರಡನೆಯ ನೆಲೆಯನ್ನು ಬಿಟ್ಟು ಮೊದಲನೆಯದನ್ನು ಚರ್ಚಿಸುವುದು ಅಪೂರ್ಣವಾಗುತ್ತದೆ.

ಪರಿಭಾಷೆಯ ಸ್ಪಷ್ಟತೆ

ಚರ್ಚೆಗೆ ಮೊದಲು ನಾಲ್ಕು ಪರಿಕಲ್ಪನೆಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ವರ್ಣತಂತು, ಜನನಾಂಗ ಹಾಗೂ ಹಾರ್ಮೋನುಗಳಿಂದ ನಿರ್ಧಾರವಾಗುವ ದೈಹಿಕ ಲಕ್ಷಣ ‘ಲಿಂಗ’. ವ್ಯಕ್ತಿಯು ತನ್ನನ್ನು ಗಂಡೆಂದೋ ಹೆಣ್ಣೆಂದೋ ಬೇರೆಯೆಂದೋ ಒಳಗಿನಿಂದ ಅರಿಯುವುದು ‘ಲಿಂಗತ್ವದ ಅರಿವು’. ಯಾರತ್ತ ಆಕರ್ಷಣೆಯಿದೆ ಎಂಬುದು ‘ಲೈಂಗಿಕ ಒಲವು’. ಹುಟ್ಟಿನಿಂದಲೇ ದೈಹಿಕ ಲಕ್ಷಣಗಳು ಗಂಡು ಅಥವಾ ಹೆಣ್ಣಿನ ರೂಢಿಯ ಮಾದರಿಗೆ ಪೂರ್ಣವಾಗಿ ಹೊಂದದಿರುವವರು ‘ಅಂತರ್ಲಿಂಗಿ’ಗಳು. ಲಿಂಗಾಂತರಿಗಳಲ್ಲಿ ಬಹುಪಾಲು ಜನ ಅಂತರ್ಲಿಂಗಿಗಳಲ್ಲ. ಅವರ ದೇಹರಚನೆಯಲ್ಲಿ ಪರೀಕ್ಷೆಗೆ ಸಿಗುವ ವಿಶೇಷವೇನೂ ಸಾಮಾನ್ಯವಾಗಿ ಕಾಣುವುದಿಲ್ಲ. ಕನ್ನಡದಲ್ಲಿ ಬಳಕೆಯಲ್ಲಿರುವ ಲಿಂಗಾಂತರಿ, ಮಂಗಳಮುಖಿ, ಹಿಜಡಾ, ಜೋಗಪ್ಪ ಮುಂತಾದ ಪದಗಳೂ ಸಮಾನಾರ್ಥಕಗಳಲ್ಲ. ಜೋಗಪ್ಪ ಎಂಬುದು ಒಂದು ಆರಾಧನಾ ಪರಂಪರೆಯ ಹೆಸರು. ಹಿಜಡಾ ಎಂಬುದು ಗುರು–ಚೇಲಾ ಸಂಬಂಧವನ್ನುಳ್ಳ ಸಮುದಾಯದ ಹೆಸರು. ಈ ಲೇಖನದಲ್ಲಿ ‘ಲಿಂಗಾಂತರಿ’ ಎಂಬುದನ್ನು ವಿಶಾಲಾರ್ಥದಲ್ಲಿ ಬಳಸಲಾಗಿದೆ.

ಭಾರತೀಯ ಪರಂಪರೆಯ ಉತ್ತರಗಳು

ಕಾರಣದ ಹುಡುಕಾಟ ಆಧುನಿಕ ವಿಜ್ಞಾನದಿಂದ ಆರಂಭವಾದುದೆಂದು ತಿಳಿಯುವುದು ಸರಿಯಲ್ಲ. ಚರಕ ಮತ್ತು ಸುಶ್ರುತ ಸಂಹಿತೆಗಳ ಶಾರೀರಸ್ಥಾನಗಳಲ್ಲಿ ಗಂಡು–ಹೆಣ್ಣು ಎಂಬ ವಿಭಾಗಕ್ಕೆ ಹೊಂದದವರ ಉತ್ಪತ್ತಿಯ ಚರ್ಚೆಯಿದೆ. ಶುಕ್ರದ ಆಧಿಕ್ಯದಿಂದ ಗಂಡು, ಆರ್ತವದ ಆಧಿಕ್ಯದಿಂದ ಹೆಣ್ಣು, ಎರಡೂ ಸಮವಾದಾಗ ನಪುಂಸಕ ಎಂಬುದು ಸುಶ್ರುತನ ಸಾಮಾನ್ಯ ಸೂತ್ರ. ಗರ್ಭಾಧಾನದ ಕಾಲದಲ್ಲಿ ಗಂಡ ಹೆಂಡಿರ ಸ್ಥಾನ ವಿಪರ್ಯಯವಾದರೆ ಹುಟ್ಟುವ ಮಗನಲ್ಲಿ ಹೆಣ್ಣಿನ ಚೇಷ್ಟೆಗಳೂ ಮಗಳಲ್ಲಿ ಗಂಡಿನ ಚೇಷ್ಟೆಗಳೂ ಕಾಣುತ್ತವೆ ಎಂಬ ಮಾತೂ ಅಲ್ಲಿದೆ. ಈ ಕಾರಣಗಳನ್ನು ಇಂದು ಒಪ್ಪಲಾಗದು. ಆದರೆ ಎರಡು ಅಂಶಗಳು ಗಮನಾರ್ಹ: ಭಿನ್ನತೆಯ ಮೂಲವನ್ನು ಹುಟ್ಟಿಗೆ ಮೊದಲೇ ಗುರುತಿಸಲಾಗಿದೆ, ಜೊತೆಗೆ ಹೊಣೆಯನ್ನು ತಂದೆತಾಯಿಯರ ನಡತೆಯ ಮೇಲೆ ಹೊರಿಸಲಾಗಿದೆ. ಈ ಎರಡನೆಯ ಪ್ರವೃತ್ತಿ ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ವೇಷದಲ್ಲಿ ಮರಳಿ ಬರುವುದನ್ನು ಮುಂದೆ ನೋಡಲಿದ್ದೇವೆ.

ಕರ್ನಾಟಕದೊಂದಿಗೆ ನೇರ ಸಂಬಂಧವಿರುವ ಇನ್ನೊಂದು ಚರ್ಚೆ ಜೈನರದು. ಜೈನ ಕರ್ಮಸಿದ್ಧಾಂತವು ಸ್ತ್ರೀವೇದ, ಪುರುಷವೇದ, ನಪುಂಸಕವೇದ ಎಂಬ ಮೂರು ವೇದಗಳನ್ನು ಹೇಳುತ್ತದೆ. ದೇಹಕ್ಕೆ ಸಂಬಂಧಿಸಿದುದು ದ್ರವ್ಯವೇದ. ಅಂತರಂಗದ ಭಾವಕ್ಕೆ ಸಂಬಂಧಿಸಿದುದು ಭಾವವೇದ. ಈ ಎರಡೂ ಒಂದೇ ವ್ಯಕ್ತಿಯಲ್ಲಿ ಭಿನ್ನವಾಗಿರುವುದು ಸಾಧ್ಯವೆಂದು ದಿಗಂಬರ ಆಚಾರ್ಯರು ಒಪ್ಪಿದ್ದರು. ಮೂಡಬಿದಿರೆಯಲ್ಲಿ ತಾಳೆಯೋಲೆಗಳಲ್ಲಿ ಉಳಿದುಬಂದ ಷಟ್ಖಂಡಾಗಮದಲ್ಲಿ ಬರುವ ‘ಮನುಷ್ಯಿಣಿ’ ಎಂಬ ಪದವನ್ನು ಧವಲಾ ಟೀಕೆಯ ಕರ್ತೃ ವೀರಸೇನಾಚಾರ್ಯರು ಭಾವದಿಂದ ಸ್ತ್ರೀಯಾದ ಪುರುಷ ಎಂದೇ ಅರ್ಥೈಸಿದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಆಚಾರ್ಯ ಶಾಕಟಾಯನರು ಸ್ತ್ರೀನಿರ್ವಾಣ ಪ್ರಕರಣದಲ್ಲಿ ಈ ಬಗೆಯ ಅರ್ಥವನ್ನು ಖಂಡಿಸಿ, ಸ್ತ್ರೀ ಎಂದರೆ ಸ್ತ್ರೀಯೇ ಎಂದು ವಾದಿಸಿದರು. ಇಲ್ಲಿನ ವಿವಾದದ ವಿಷಯ ಮೋಕ್ಷದ ಅರ್ಹತೆ; ‘ವೇದ’ ಎಂಬುದೂ ಮುಖ್ಯವಾಗಿ ಕಾಮಭಾವವನ್ನು ಸೂಚಿಸುವ ಪದ. ಆದ್ದರಿಂದ ಇದನ್ನು ಇಂದಿನ ಲಿಂಗತ್ವದ ಅರಿವಿಗೆ ಸಮೀಕರಿಸುವುದು ಅವಸರದ ತೀರ್ಮಾನವಾದೀತು. ದೇಹದ ಲಕ್ಷಣವೂ ಅಂತರಂಗದ ಲಕ್ಷಣವೂ ಎರಡು ಬೇರೆ ಸಂಗತಿಗಳೆಂಬ ವಿವೇಚನೆ ಕನ್ನಡ ನೆಲದಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಶಾಸ್ತ್ರಚರ್ಚೆಯ ವಿಷಯವಾಗಿತ್ತೆಂಬುದಷ್ಟೇ ಇಲ್ಲಿ ಹೇಳಬಹುದಾದುದು.

ಜನಪದದ ಉತ್ತರ ಇವೆರಡಕ್ಕಿಂತ ಭಿನ್ನ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮರ ಆರಾಧನಾ ವಲಯದಲ್ಲಿ ಗಂಡು ದೇಹದಲ್ಲಿ ಹೆಣ್ಣಿನ ಭಾವ ಕಾಣಿಸಿದರೆ ಅದನ್ನು ದೇವಿಯ ಕಾಟವೆಂದು, ದೇವಿಯ ಕರೆಯೆಂದು ತಿಳಿಯಲಾಗುತ್ತದೆ. ತಲೆಯಲ್ಲಿ ಜಡೆಗಟ್ಟುವುದು, ವಾಸಿಯಾಗದ ಕಾಯಿಲೆಗಳು ಇದರ ಕುರುಹುಗಳು. ಮುತ್ತು ಕಟ್ಟಿಸಿಕೊಂಡು ಜೋಗಪ್ಪನಾಗುವುದು ಇದರ ಪರಿಹಾರ. ಈ ವಿವರಣೆಯಲ್ಲಿ ತಪ್ಪಿತಸ್ಥರು ಯಾರೂ ಇಲ್ಲ. ದೇವಿ ಆರಿಸಿಕೊಂಡ ಮೇಲೆ ಕುಟುಂಬವೂ ಊರೂ ಅಡ್ಡಿಪಡಿಸಲಾಗದು. ಹಾಗೆಂದು ಈ ಪರಂಪರೆ ಪೂರ್ಣ ಸ್ವೀಕಾರವನ್ನು ಕೊಟ್ಟಿತೆಂದು ಹೇಳಲಾಗದು: ಪಡಲಿಗೆ ಹೊತ್ತು, ಚೌಡಿಕೆ ನುಡಿಸಿ, ಬೇಡಿ ಬದುಕುವ ಒಂದು ದಾರಿಯನ್ನು ಅದು ತೆರೆಯಿತು, ಉಳಿದ ದಾರಿಗಳನ್ನು ಮುಚ್ಚಿತು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದುದು ಈ ಪರಂಪರೆಯ ಕಲಾಶಕ್ತಿಗೆ ಸಂದ ಮನ್ನಣೆಯೂ ಹೌದು, ಅದರ ಮಿತಿಯನ್ನು ದಾಟಿದ ಬದುಕಿನ ಸಾಕ್ಷ್ಯವೂ ಹೌದು.

ಕಾರಣವೇ ಅಪರಾಧವಾದಾಗ

ವಸಾಹತು ಆಡಳಿತವು ತಂದ ವಿವರಣೆ ಅತ್ಯಂತ ಸರಳವೂ ಅತ್ಯಂತ ಅಪಾಯಕಾರಿಯೂ ಆದುದು. ಇಂಥವರು ಹುಟ್ಟುವುದಿಲ್ಲ, ಹುಡುಗರನ್ನು ಅಪಹರಿಸಿ ಬೀಜ ಒಡೆದು ಇವರನ್ನು ‘ತಯಾರಿಸಲಾಗುತ್ತದೆ’ ಎಂಬುದು ಉತ್ತರ ಭಾರತದ ಬ್ರಿಟಿಷ್ ಅಧಿಕಾರಿಗಳ ದೃಢ ನಂಬಿಕೆಯಾಗಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೆಯ ಭಾಗ ಈ ನಂಬಿಕೆಯ ಫಲ. ಅದರಂತೆ ಹಿಜಡಾಗಳ ಹೆಸರು, ವಾಸಸ್ಥಳಗಳ ಪಟ್ಟಿಯನ್ನು ಇಡಲಾಯಿತು. ಸಾರ್ವಜನಿಕವಾಗಿ ಹೆಣ್ಣುಡುಗೆ ತೊಡುವುದು, ಹಾಡುವುದು, ಕುಣಿಯುವುದು ಶಿಕ್ಷಾರ್ಹವಾದವು. ಅವರ ಆಶ್ರಯದಲ್ಲಿದ್ದ ಮಕ್ಕಳನ್ನು ಬೇರ್ಪಡಿಸಲು ಅವಕಾಶ ನೀಡಲಾಯಿತು. ಕಾಯ್ದೆ ಸ್ವಾತಂತ್ರ್ಯಾನಂತರ ರದ್ದಾಯಿತು, ನಂಬಿಕೆ ಉಳಿಯಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಲಾದ 36ಎ ಪ್ರಕರಣವು, ಹುಡುಗರ ಅಪಹರಣದಂತಹ ಕೃತ್ಯಗಳ ಸಂದೇಹವಿರುವ ‘ನಪುಂಸಕ’ರ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸಮುದಾಯದ ಸಂಘಟನೆಗಳು ಉಚ್ಚ ನ್ಯಾಯಾಲಯದಲ್ಲಿ ಇದನ್ನು ಪ್ರಶ್ನಿಸಿದ ಬಳಿಕ ಆ ಪದವನ್ನು ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಲಾಯಿತು. ಹತ್ತೊಂಬತ್ತನೆಯ ಶತಮಾನದ ಒಂದು ಕಾರಣಸಿದ್ಧಾಂತವು ಇಪ್ಪತ್ತೊಂದನೆಯ ಶತಮಾನದ ಕಾನೂನಿನಲ್ಲಿ ಮತ್ತೆ ತಲೆಯೆತ್ತಿದ ಪರಿ ಇದು.

ಪೋಷಣೆಯ ಸಿದ್ಧಾಂತ ಮತ್ತು ಅದರ ಪರೀಕ್ಷೆ

ಯೂರೋಪಿನಲ್ಲಿ ಮಾಗ್ನಸ್ ಹಿರ್ಷ್‌ಫೆಲ್ಡ್ 1910ರ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ರೋಗ ಅಥವಾ ಪಾಪವೆನ್ನದೆ ಮಾನವ ವೈವಿಧ್ಯದ ಭಾಗವಾಗಿ ವಿವೇಚಿಸಿದ್ದರು. 1919ರಲ್ಲಿ ಬರ್ಲಿನ್ನಿನಲ್ಲಿ ಅವರು ಸ್ಥಾಪಿಸಿದ ಸಂಶೋಧನ ಸಂಸ್ಥೆಯನ್ನು 1933ರಲ್ಲಿ ನಾತ್ಸಿಗಳು ಧ್ವಂಸಮಾಡಿದರು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮನೋವಿಶ್ಲೇಷಣೆಯ ಪ್ರಭಾವ ಹೆಚ್ಚಿತು. ರಾಬರ್ಟ್ ಸ್ಟೋಲರ್ 1968ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಮಗನೊಂದಿಗೆ ಅತಿಯಾಗಿ ಬೆಸೆದುಕೊಂಡ ತಾಯಿ, ದೂರ ಉಳಿದ ತಂದೆ ಎಂಬ ಕುಟುಂಬಚಿತ್ರವನ್ನು ಕಾರಣವಾಗಿ ಮುಂದಿಟ್ಟರು. ಚಿಕಿತ್ಸೆಗೆ ಬಂದ ಕೆಲವೇ ಕುಟುಂಬಗಳನ್ನು ಆಧರಿಸಿದ ಈ ಸಿದ್ಧಾಂತಕ್ಕೆ ವ್ಯವಸ್ಥಿತ ಸಮರ್ಥನೆ ದೊರೆಯಲಿಲ್ಲ. ಆದರೂ ‘ಬೆಳೆಸಿದ ರೀತಿ ಸರಿಯಿಲ್ಲ’ ಎಂದು ತಾಯಂದಿರನ್ನು ಶಂಕಿಸುವ ಮಾತಿಗೆ ಅದು ಶಾಸ್ತ್ರದ ಮುದ್ರೆ ಒತ್ತಿತು.

ಪೋಷಣೆಯೇ ಪ್ರಧಾನವೆಂಬ ವಾದದ ಅತ್ಯಂತ ಕಠಿಣ ಪರೀಕ್ಷೆ ಕೆನಡಾದ ವಿನಿಪೆಗ್ ನಗರದ ಡೇವಿಡ್ ರೈಮರ್ ಅವರ ಬದುಕಿನಲ್ಲಿ ನಡೆಯಿತು. 1965ರಲ್ಲಿ ಅವಳಿಗಳಲ್ಲಿ ಒಬ್ಬರಾಗಿ ಹುಟ್ಟಿದ ಅವರ ಜನನಾಂಗ ಶೈಶವದಲ್ಲಿಯೇ ಸುನ್ನತಿಯ ವೇಳೆ ನಡೆದ ಅವಘಡದಲ್ಲಿ ನಾಶವಾಯಿತು. ಮನೋವಿಜ್ಞಾನಿ ಜಾನ್ ಮನಿಯವರ ಸಲಹೆಯಂತೆ ಶಸ್ತ್ರಕ್ರಿಯೆ ನಡೆಸಿ ಮಗುವನ್ನು ಹೆಣ್ಣಾಗಿ ಬೆಳೆಸಲಾಯಿತು. 1972ರಿಂದ ಈ ಪ್ರಕರಣವನ್ನು ಯಶಸ್ಸಿನ ನಿದರ್ಶನವೆಂದು ವರದಿ ಮಾಡಲಾಯಿತು. ವಾಸ್ತವದಲ್ಲಿ ಮಗು ಆ ಲಿಂಗತ್ವವನ್ನು ಎಂದೂ ಒಪ್ಪಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಸತ್ಯ ತಿಳಿದಾಗ ಗಂಡಾಗಿ ಬದುಕಲು ನಿರ್ಧರಿಸಿತು. ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್‌ಸನ್ 1997ರಲ್ಲಿ ಇದನ್ನು ಬಯಲಿಗೆ ತಂದರು. ರೈಮರ್ 2004ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಒಂದೇ ಪ್ರಕರಣದಿಂದ ಸಾಮಾನ್ಯ ನಿಯಮವನ್ನು ಕಟ್ಟಲಾಗದು. ಇಂಥದೇ ಅವಘಡದ ನಂತರ ಹೆಣ್ಣಾಗಿ ಬೆಳೆದ ಇನ್ನೊಬ್ಬರು 26ನೆಯ ವಯಸ್ಸಿನಲ್ಲಿಯೂ ತಮ್ಮನ್ನು ಹೆಣ್ಣೆಂದೇ ಅರಿತಿದ್ದರೆಂದು 1998ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ. 2004ರಲ್ಲಿ ರೈನರ್ ಮತ್ತು ಗಿಯರ್‌ಹಾರ್ಟ್ ಇದಕ್ಕಿಂತ ವಿಸ್ತೃತವಾದ ಅಧ್ಯಯನವನ್ನು ಪ್ರಕಟಿಸಿದರು. ಶ್ರೋಣಿಭಾಗದ ಗಂಭೀರ ಜನ್ಮವೈಕಲ್ಯದಿಂದಾಗಿ ಹೆಣ್ಣಾಗಿ ಬೆಳೆಸಲ್ಪಟ್ಟ 14 ಗಂಡುಮಕ್ಕಳಲ್ಲಿ 8 ಮಂದಿ ಮುಂದೆ ತಮ್ಮನ್ನು ಗಂಡೆಂದು ಘೋಷಿಸಿಕೊಂಡರು. ಉಳಿದವರಲ್ಲಿ ಹಲವರು ಹಾಗೆ ಮಾಡಲಿಲ್ಲ. ಲಿಂಗತ್ವದ ಅರಿವನ್ನು ಹೊರಗಿನಿಂದ ಬೇಕಾದಂತೆ ತಿದ್ದಲು ಸಾಧ್ಯವಿಲ್ಲ ಎಂಬುದು ಇವುಗಳಿಂದ ಸಿದ್ಧವಾಗುತ್ತದೆ. ಜೀವಧಾತುವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬುದು ಸಿದ್ಧವಾಗುವುದಿಲ್ಲ.

ಗರ್ಭಾವಸ್ಥೆಯ ಹಾರ್ಮೋನುಗಳು

ಇಂದು ಹೆಚ್ಚು ಚರ್ಚೆಯಲ್ಲಿರುವ ಜೈವಿಕ ಊಹನೆ ಹೀಗಿದೆ. ಭ್ರೂಣದಲ್ಲಿ ಜನನಾಂಗಗಳು ಗಂಡು ಅಥವಾ ಹೆಣ್ಣಿನ ರೂಪ ತಾಳುವುದು ಗರ್ಭದ ಮೊದಲ ತಿಂಗಳುಗಳಲ್ಲಿ. ಮೆದುಳಿನ ಮೇಲೆ ಲಿಂಗ ಹಾರ್ಮೋನುಗಳ ಪ್ರಭಾವ ಮುಖ್ಯವಾಗಿ ಉಂಟಾಗುವುದು ಅದರ ಉತ್ತರಾರ್ಧದಲ್ಲಿ. ಎರಡೂ ಬೇರೆ ಬೇರೆ ಕಾಲದಲ್ಲಿ ನಡೆಯುವುದರಿಂದ ಒಂದು ಒಂದು ದಿಕ್ಕಿನಲ್ಲಿ, ಮತ್ತೊಂದು ಇನ್ನೊಂದು ದಿಕ್ಕಿನಲ್ಲಿ ಸಾಗಬಹುದು ಎಂಬುದು ನೆದರ್ಲೆಂಡ್ಸಿನ ಡಿಕ್ ಸ್ವಾಬ್ ಮೊದಲಾದವರ ವಾದ. ಮಾನವ ಭ್ರೂಣದ ಮೇಲೆ ಪ್ರಯೋಗ ಸಲ್ಲದಾದ್ದರಿಂದ ಇದನ್ನು ನೇರವಾಗಿ ಪರೀಕ್ಷಿಸಲಾಗದು. ಅಂತರ್ಲಿಂಗಿ ಸ್ಥಿತಿಗಳಿಂದ ಪರೋಕ್ಷ ಪುರಾವೆಯನ್ನು ಪಡೆಯಬೇಕಾಗುತ್ತದೆ.

ಆ ಪುರಾವೆ ಒಂದೇ ಕಡೆಗೆ ವಾಲುವುದಿಲ್ಲ. ಜನ್ಮಜಾತ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂಬ ಸ್ಥಿತಿಯಲ್ಲಿ ಹೆಣ್ಣು ಭ್ರೂಣವು ಗರ್ಭದಲ್ಲಿಯೇ ಹೆಚ್ಚಿನ ಪುರುಷ ಹಾರ್ಮೋನಿಗೆ ಒಳಗಾಗುತ್ತದೆ. ಹೀಗೆ ಹುಟ್ಟಿ ಹೆಣ್ಣಾಗಿ ಬೆಳೆದ 250 ಮಂದಿಯ ವಿವರಗಳನ್ನು ಒಟ್ಟುಗೂಡಿಸಿದ 2005ರ ಪರಾಮರ್ಶೆಯಲ್ಲಿ ಶೇ. 94.8 ಮಂದಿ ತಮ್ಮನ್ನು ಹೆಣ್ಣೆಂದೇ ಅರಿತಿದ್ದರು, ಶೇ. 5.2 ಮಂದಿಯಲ್ಲಿ ಲಿಂಗತ್ವ ಕುರಿತ ತೀವ್ರ ತೊಳಲಾಟ ಕಂಡಿತು. ಸಾಮಾನ್ಯ ಜನಸಂಖ್ಯೆಯಲ್ಲಿ ಕಾಣುವುದಕ್ಕಿಂತ ಇದು ಹೆಚ್ಚು. ಆದರೂ ಬಹುಮತ ಎದುರು ದಿಕ್ಕಿನಲ್ಲಿದೆ. ಇನ್ನೊಂದೆಡೆ ಡೊಮಿನಿಕನ್ ಗಣರಾಜ್ಯದ ಕೆಲವು ಹಳ್ಳಿಗಳಲ್ಲಿ ಕಿಣ್ವವೊಂದರ ಕೊರತೆಯಿಂದ ಹುಟ್ಟುವಾಗ ಹೆಣ್ಣಿನಂತೆ ಕಂಡು ಪ್ರಾಯದಲ್ಲಿ ಗಂಡಿನ ದೇಹ ತಳೆಯುವ ಮಕ್ಕಳನ್ನು ಇಂಪೆರಾಟೊ–ಮ್ಯಾಕ್‌ಗಿನ್ಲಿ ಮತ್ತು ಸಂಗಡಿಗರು ಅಭ್ಯಸಿಸಿದರು. ಅವರ 1979ರ ವರದಿಯಂತೆ ಹೆಣ್ಣಾಗಿ ಬೆಳೆದ 18 ಮಂದಿಯಲ್ಲಿ 17 ಮಂದಿ ಪ್ರಾಯಾನಂತರ ಗಂಡಿನ ಅರಿವನ್ನು ತಾಳಿದರು. ಆದರೆ ಅಲ್ಲಿ ದೇಹವೂ ಬದಲಾಗಿತ್ತು, ಊರಿನವರಿಗೂ ಈ ಬದಲಾವಣೆ ಪರಿಚಿತವಾಗಿತ್ತು. ಹಾರ್ಮೋನಿನ ಪಾಲೆಷ್ಟು, ಸಮಾಜದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಮೆದುಳು

1995ರಲ್ಲಿ ಜೌ, ಹಾಫ್ಮನ್, ಗೂರೆನ್ ಮತ್ತು ಸ್ವಾಬ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ವ್ಯಾಪಕ ಗಮನ ಸೆಳೆಯಿತು. ಹೈಪೋಥಲಮಸ್‌ನ ಸಮೀಪದ ಚಿಕ್ಕ ನರಕೋಶಗುಚ್ಛವೊಂದು ಪುರುಷರಲ್ಲಿ ದೊಡ್ಡದು, ಸ್ತ್ರೀಯರಲ್ಲಿ ಚಿಕ್ಕದು. ಮರಣಾನಂತರ ಪರೀಕ್ಷಿಸಿದ ಆರು ಮಂದಿ ಲಿಂಗಾಂತರಿ ಸ್ತ್ರೀಯರಲ್ಲಿ ಅದು ಸ್ತ್ರೀಯರ ಗಾತ್ರದ್ದಾಗಿತ್ತು. 2000ದಲ್ಲಿ ನರಕೋಶಗಳ ಸಂಖ್ಯೆಯ ಎಣಿಕೆಯೂ ಇದನ್ನು ಬೆಂಬಲಿಸಿತು. ಆದರೆ ಅದೇ ಪ್ರಯೋಗಾಲಯದ 2002ರ ಅಧ್ಯಯನವು ಈ ಗಾತ್ರವ್ಯತ್ಯಾಸ ಸ್ಪಷ್ಟವಾಗುವುದು ಪ್ರೌಢ ವಯಸ್ಸಿನಲ್ಲಿ ಎಂದು ತೋರಿಸಿತು. ಲಿಂಗಾಂತರಿಗಳಲ್ಲಿ ಅನೇಕರು ತಮ್ಮ ಭಿನ್ನತೆಯ ಅರಿವು ಬಾಲ್ಯದಿಂದಲೇ ಇತ್ತೆಂದು ಹೇಳುವುದರಿಂದ, ಈ ವ್ಯತ್ಯಾಸವನ್ನು ಕಾರಣವೆನ್ನಬೇಕೋ ಪರಿಣಾಮವೆನ್ನಬೇಕೋ ಎಂಬುದು ಅನಿಶ್ಚಿತವಾಯಿತು. ದೀರ್ಘಕಾಲದ ಹಾರ್ಮೋನ್ ಸೇವನೆಯು ಪ್ರೌಢರ ಮೆದುಳಿನ ಗಾತ್ರವನ್ನೇ ಬದಲಿಸಬಲ್ಲದೆಂಬುದು 2006ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಇದಲ್ಲದೆ 1,400ಕ್ಕೂ ಹೆಚ್ಚು ಮೆದುಳುಗಳ ಚಿತ್ರಗಳನ್ನು ಪರಿಶೀಲಿಸಿದ ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು 2015ರಲ್ಲಿ ಬಹುತೇಕ ಮೆದುಳುಗಳು ಎರಡೂ ಬಗೆಯ ಲಕ್ಷಣಗಳ ಮಿಶ್ರಣವೆಂದು ವಾದಿಸಿದರು. ಹೀಗಿರುವಾಗ ‘ಗಂಡಿನ ದೇಹದಲ್ಲಿ ಹೆಣ್ಣಿನ ಮೆದುಳು’ ಎಂಬ ಜನಪ್ರಿಯ ನುಡಿ ಪುರಾವೆಗಿಂತ ಹೆಚ್ಚನ್ನು ಹೇಳುತ್ತದೆ.

ವಂಶವಾಹಿ ಮತ್ತು ಅವಳಿಗಳು

ವಂಶವಾಹಿಗಳ ಪಾತ್ರವನ್ನು ಅಳೆಯಲು ಅವಳಿಗಳ ಅಧ್ಯಯನ ರೂಢಿಯ ಮಾರ್ಗ. 2012ರಲ್ಲಿ ಹೇಲೆನ್ಸ್ ಮತ್ತು ಸಂಗಡಿಗರು ಪ್ರಕಟಿತ ಪ್ರಕರಣಗಳನ್ನು ಸಂಗ್ರಹಿಸಿದಾಗ, ಒಂದೇ ಅಂಡದಿಂದ ಹುಟ್ಟಿದ 23 ಜೋಡಿಗಳ ಪೈಕಿ 9ರಲ್ಲಿ ಇಬ್ಬರೂ ಲಿಂಗಾಂತರಿಗಳಾಗಿದ್ದರು. ಎರಡು ಅಂಡಗಳಿಂದ ಹುಟ್ಟಿದ ಸಮಲಿಂಗದ 21 ಜೋಡಿಗಳಲ್ಲಿ ಅಂತಹ ಒಂದೂ ಇರಲಿಲ್ಲ. ಇದು ವಂಶವಾಹಿಯ ಪ್ರಭಾವವನ್ನು ಸೂಚಿಸುತ್ತದೆ. ಅದೇ ಸಮಯದಲ್ಲಿ ಒಂದೇ ವಂಶವಾಹಿಗಳನ್ನು ಹೊಂದಿದ 14 ಜೋಡಿಗಳಲ್ಲಿ ಒಬ್ಬರು ಮಾತ್ರ ಲಿಂಗಾಂತರಿಯಾಗಿದ್ದರೆಂಬುದನ್ನೂ ಹೇಳುತ್ತದೆ. ವಿರಳ ಪ್ರಕರಣಗಳು ಪತ್ರಿಕೆಗಳಲ್ಲಿ ಪ್ರಕಟವಾಗುವ ಸಂಭವ ಹೆಚ್ಚೆಂಬ ದೋಷವೂ ಇಲ್ಲುಂಟು. ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ 2022ರ ಅಧ್ಯಯನದಲ್ಲಿ ಸಮಲಿಂಗದ ಅವಳಿಗಳಲ್ಲಿ ಇಬ್ಬರಿಗೂ ಈ ಸ್ಥಿತಿಯಿದ್ದ ಜೋಡಿ ಒಂದೂ ಸಿಗಲಿಲ್ಲ. ಗಂಡು–ಹೆಣ್ಣು ಅವಳಿಗಳಲ್ಲಿ ಮಾತ್ರ ಶೇ. 37ರಷ್ಟು ಸಿಕ್ಕವು. ಇದು ವಂಶವಾಹಿಗಿಂತ ಗರ್ಭದೊಳಗಿನ ಪರಿಸರದತ್ತ ಬೊಟ್ಟು ಮಾಡುತ್ತದೆ. ನಿರ್ದಿಷ್ಟ ವಂಶವಾಹಿಗಳ ಹುಡುಕಾಟವೂ ಇಂಥದೇ ಮಿಶ್ರಫಲ ಕೊಟ್ಟಿದೆ. 2009ರಲ್ಲಿ 112 ಲಿಂಗಾಂತರಿ ಸ್ತ್ರೀಯರನ್ನು 258 ಪುರುಷರೊಂದಿಗೆ ಹೋಲಿಸಿದ ಅಧ್ಯಯನವು ಪುರುಷ ಹಾರ್ಮೋನಿನ ಗ್ರಾಹಕಕ್ಕೆ ಸಂಬಂಧಿಸಿದ ವಂಶವಾಹಿಯಲ್ಲಿ ಸಣ್ಣ ವ್ಯತ್ಯಾಸ ಕಂಡಿತು. ಅದೇ ವರ್ಷ ಜಪಾನಿನಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಂತಹ ಸಂಬಂಧ ಕಾಣಲಿಲ್ಲ.

ಸಮಾಜ ಕೊಡುವುದು ಏನನ್ನು?

ಹಾಗಾದರೆ ಸಮಾಜಕ್ಕೆ ಇಲ್ಲಿ ಪಾತ್ರವಿಲ್ಲವೇ? ಅರಿವಿಗೆ ಹೆಸರು, ವೇಷ, ನಡೆ, ನೆಲೆ ಇವೆಲ್ಲವನ್ನೂ ಕೊಡುವುದು ಸಮಾಜವೇ. ಒಂದೇ ಬಗೆಯ ಒಳಗಿನ ಅರಿವು ಸವದತ್ತಿಯ ಪರಿಸರದಲ್ಲಿ ಜೋಗಪ್ಪನಾಗಿ, ಬೆಂಗಳೂರಿನಲ್ಲಿ ಹಮಾಮಿನ ಚೇಲಾ ಆಗಿ, ಬೇರೊಂದು ಕಡೆ ಆಸ್ಪತ್ರೆಗೆ ಹೋಗಿ ದೇಹ ಬದಲಿಸಿಕೊಂಡ ಉದ್ಯೋಗಸ್ಥೆಯಾಗಿ ಪ್ರಕಟವಾಗಬಹುದು. ಹೆಸರು ದೊರೆತಾಗ ಹೇಳಿಕೊಳ್ಳುವವರ ಸಂಖ್ಯೆಯೂ ಹೆಚ್ಚುತ್ತದೆ. ಈ ಹೆಚ್ಚಳವನ್ನು ಕಂಡು ಇದು ಗೆಳೆಯರಿಂದ ಅಂಟುವ ಪ್ರವೃತ್ತಿಯೆಂದು 2018ರಲ್ಲಿ ಅಮೆರಿಕದಿಂದ ಊಹೆಯೊಂದು ಬಂದಿತು. ಅದರ ಆಧಾರ 256 ಪೋಷಕರ ಉತ್ತರಗಳು, ಮಕ್ಕಳನ್ನು ಕೇಳಿರಲಿಲ್ಲ. ಈ ಮಿತಿಯನ್ನು ಸ್ಪಷ್ಟಪಡಿಸಿ ಪತ್ರಿಕೆಯು 2019ರಲ್ಲಿ ತಿದ್ದುಪಡಿಯನ್ನು ಪ್ರಕಟಿಸಿತು. ಇದಕ್ಕೆ ವ್ಯತಿರಿಕ್ತವಾಗಿ ಕ್ರಿಸ್ಟಿನಾ ಓಲ್ಸನ್ ಮತ್ತು ಸಂಗಡಿಗರು 2015ರಲ್ಲಿ 5ರಿಂದ 12 ವರ್ಷದ 32 ಲಿಂಗಾಂತರಿ ಮಕ್ಕಳನ್ನೇ ಪರೀಕ್ಷಿಸಿದರು. ಬಾಯಿಮಾತಿನ ಉತ್ತರಗಳಲ್ಲಿ ಮಾತ್ರವಲ್ಲ, ಯೋಚಿಸಿ ತಿದ್ದಲಾಗದ ಶೀಘ್ರ ಪ್ರತಿಕ್ರಿಯೆಗಳಲ್ಲಿಯೂ ಆ ಮಕ್ಕಳು ತಾವು ಹೇಳಿಕೊಂಡ ಲಿಂಗತ್ವದ ಇತರ ಮಕ್ಕಳಂತೆಯೇ ಇದ್ದರು. ಅರಿವು ಎಲ್ಲಿಂದ ಬಂದಿತೆಂಬುದನ್ನು ಈ ಅಧ್ಯಯನ ಹೇಳುವುದಿಲ್ಲ. ಅದು ನಟನೆಯಲ್ಲವೆಂಬುದನ್ನು ಹೇಳುತ್ತದೆ.

ವಿವರಣೆ ಮತ್ತು ಹಕ್ಕು

ಮೇಲಿನ ಪರಿಶೀಲನೆಯಿಂದ ಮೂರು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಒಂದೇ ಕಾರಣ ಎಂಬುದು ಇಲ್ಲ. ವಂಶವಾಹಿ, ಗರ್ಭಪರಿಸರ, ಮೆದುಳಿನ ಬೆಳವಣಿಗೆ, ಅನುಭವ ಇವುಗಳು ಬೇರೆ ಬೇರೆ ವ್ಯಕ್ತಿಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿ ಕೆಲಸಮಾಡುವ ಸಾಧ್ಯತೆಯೇ ಹೆಚ್ಚು. ಎರಡನೆಯದಾಗಿ, ತಾಯಿಯ ಸಾಕಣೆ, ಅಪಹರಣ, ಕೆಟ್ಟ ಸಹವಾಸ ಎಂಬ ವಿವರಣೆಗಳಿಗೆ ಆಧಾರವಿಲ್ಲ. ಒತ್ತಾಯದಿಂದ ಈ ಅರಿವನ್ನು ಬದಲಿಸಬಹುದೆಂಬುದಕ್ಕೂ ಆಧಾರವಿಲ್ಲ. ಮೂರನೆಯದಾಗಿ, ರಕ್ತಪರೀಕ್ಷೆಯಿಂದಲೋ ಮೆದುಳಿನ ಚಿತ್ರದಿಂದಲೋ ಯಾರು ಲಿಂಗಾಂತರಿ ಎಂದು ನಿರ್ಣಯಿಸುವ ವಿಧಾನ ಇಲ್ಲ. ವ್ಯಕ್ತಿಯ ಮಾತೇ ಇಲ್ಲಿ ಪ್ರಧಾನ ಸಾಕ್ಷ್ಯ.

ಈ ಕಾರಣದಿಂದ ಕಳೆದ ದಶಕಗಳ ಮುಖ್ಯ ನಿರ್ಧಾರಗಳು ಕಾರಣ ತಿಳಿಯುವವರೆಗೆ ಕಾಯಲಿಲ್ಲವೆಂಬುದು ಅರ್ಥಪೂರ್ಣ. 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೈಹಿಕ ಪರೀಕ್ಷೆಗಿಂತ ವ್ಯಕ್ತಿಯ ಮಾನಸಿಕ ಅರಿವೇ ಗ್ರಾಹ್ಯವೆಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಿಂದ ಹೊರತಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ರಾಜ್ಯದ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಕಲ್ಪಿಸಿತು. ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು.

ಜೈವಿಕ ಕಾರಣ ಸಿದ್ಧವಾದರೆ ಸಮಾಜ ಒಪ್ಪಿಕೊಳ್ಳುತ್ತದೆ ಎಂಬ ಆಶಯ ಅನೇಕರಲ್ಲಿದೆ. ಅದು ಸಹಜವೇ ಆದರೂ ಅದರಲ್ಲೊಂದು ಅಪಾಯವಿದೆ. ಹಕ್ಕನ್ನು ಕಾರಣಕ್ಕೆ ಕಟ್ಟಿದರೆ, ಮುಂದಿನ ಅಧ್ಯಯನ ಆ ಕಾರಣವನ್ನು ಸಡಿಲಿಸಿದಾಗ ಹಕ್ಕೂ ಸಡಿಲವಾಗುತ್ತದೆ. ಎಡಗೈ ಬಳಕೆಯ ಕಾರಣ ಇಂದಿಗೂ ಪೂರ್ಣವಾಗಿ ತಿಳಿದಿಲ್ಲ; ಹಾಗೆಂದು ಎಡಗೈಯಲ್ಲಿ ಬರೆದ ಉತ್ತರಪತ್ರಿಕೆಯನ್ನು ಯಾರೂ ತಿರಸ್ಕರಿಸುವುದಿಲ್ಲ. ಲಿಂಗತ್ವದ ಅರಿವಿನ ಮೂಲವನ್ನು ಕುರಿತ ಸಂಶೋಧನೆ ಮುಂದುವರಿಯಬೇಕು. ಮನುಷ್ಯನ ಮನಸ್ಸನ್ನು ಅರಿಯಲು ಅದು ದೊಡ್ಡ ದಾರಿ. ಆದರೆ ದೇವಿಯ ಕರೆ, ತಾಯಿಯ ತಪ್ಪು, ಅಪಹರಣದ ಸಂಚು ಎಂಬ ಹಿಂದಿನ ಉತ್ತರಗಳ ಭಾರವನ್ನು ಹೊತ್ತವರು ಉತ್ತರ ಹೇಳಿದವರಾಗಿರಲಿಲ್ಲ, ಉತ್ತರಕ್ಕೆ ಗುರಿಯಾದವರಾಗಿದ್ದರು ಎಂಬುದನ್ನು ಸಂಶೋಧಕರು ಮರೆಯಬಾರದು. ಅವರ ಮಾತನ್ನು ಮೊದಲ ಆಕರವಾಗಿ ಸ್ವೀಕರಿಸುವುದು ಈ ಕ್ಷೇತ್ರದ ಅಧ್ಯಯನದ ಆರಂಭದ ನಿಯಮವಾಗಬೇಕು.